ತಿಮ್ಮಕ್ಕನ ಮುಳ್ಳುಬೇಲಿ

ಸಾಲುಮರದ ತಿಮ್ಮಕ್ಕ ಅಂದ್ರೆ ಎಲ್ರೂ ಗಿಡ ನೆಟ್ಟ ಕತೆ ಹೇಳ್ತಾರೆ. ನೆಟ್ಟಿದ್ದನ್ನ ಉಳಿಸ್ಕೊಂಡ ಕತೆ ಹೇಳೋರು ಕಮ್ಮಿ. ನನಗೆ ಅದೇ ದೊಡ್ಡದು ಅನ್ಸುತ್ತೆ.

ಆಯಮ್ಮ ನಮ್ಮ ಗುಬ್ಬಿ ತಾಲ್ಲೂಕಿನ ಮಗಳು. ಕೊಟ್ಟಿದ್ದು ಮಾಗಡಿ ತಾಲ್ಲೂಕಿನ ಹುಲಿಕಲ್‌ಗೆ. ಓದು ಕಂಡೋರಲ್ಲ, ಕೂಲಿ ಮಾಡಿ ಬದುಕಿದೋರು. ಮಕ್ಕಳಾಗಲಿಲ್ಲ. ಗಂಡ ಚಿಕ್ಕಯ್ಯನ ಜೊತೆ ಸೇರಿ ಕುದೂರಿಗೆ ಹೋಗೋ ರಸ್ತೆ ಬದೀಲಿ ಆಲದ ಸಸಿ ಇಟ್ರು. ಮೊದಲ ವರ್ಷ 10, ಆಮೇಲೆ 15, ಅದರಾಚೆ ವರ್ಷ 20. ಬಿಂದಿಗೇಲಿ ನೀರು ಹೊತ್ತು ಹಾಕಿದ್ರು. ದನ, ಮೇಕೆ ಬಾಯಿ ಹಾಕ್ದಂಗೆ ಸುತ್ತ ಮುಳ್ಳು ಕಟ್ಟಿದ್ರು. ಹಂಗೆ ಬೆಳೆದ ಆಲದ ಮರಗಳು 380ಕ್ಕೂ ಹೆಚ್ಚು.

2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ-ಹಲಗೂರು ರಸ್ತೆ ಅಗಲ ಮಾಡೋಕೆ ಆ ಸಾಲಿಗೇ ಕೊಡಲಿ ಬೀಳೋ ಹಂಗಾಯ್ತು. ನೂರು ದಾಟಿದ ಅಜ್ಜಿ ಸುಮ್ನೆ ಕೂರಲಿಲ್ಲ. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ, ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರನ್ನ ಕೇಳ್ಕೊಂಡ್ರು. ಮರ ಉಳಿಸೋಕೆ ಬೇರೆ ದಾರಿ ನೋಡ್ತೀವಿ ಅಂತ ಸರ್ಕಾರ ಹೇಳ್ತು. 2025ರ ನವೆಂಬರ್ 14ಕ್ಕೆ ಆಯಮ್ಮ ತೀರ್ಕೊಂಡ್ರು.

ಈಗ ತುಮಕೂರಿನ ನಮ್ಮ ಬೀದಿಗಳನ್ನ ನೋಡಿ. ಮರ ಕಡಿಯೋಕೆ 1976ರ ಕಾಯ್ದೆ ಪ್ರಕಾರ ಅನುಮತಿ ಬೇಕು. ಆದ್ರೆ ಮನೆ ಕಟ್ಟೋರು ಕಡೀದೇನೇ ಸಾಯಿಸ್ತಾರೆ. ಹೊಂಗೆ ಬುಡಕ್ಕೆ ಜಲ್ಲಿ ಸುರೀತಾರೆ, ಸಿಮೆಂಟ್ ಬಾಣಲಿ ತೊಳೆದ ನೀರು ಅಲ್ಲೇ ಚೆಲ್ತಾರೆ, ಪೈಪ್ ಎಳೆಯೋಕೆ ಬೇರು ಕತ್ತರಿಸ್ತಾರೆ. ನೀರು ಎಳ್ಕೊಳ್ಳೋ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಎರಡಡಿ ಮಣ್ಣಲ್ಲೇ ಇರೋದು, ಕೊಂಬೆ ಚಾಚಿರೋದಕ್ಕಿಂತ ಆಚೆಗೂ ಹರಡಿರ್ತವೆ. ಲಾರಿ ಹತ್ತಿ ಮಣ್ಣು ಗಟ್ಟಿಯಾದ್ರೆ ಅವಕ್ಕೆ ಉಸಿರು ಕಟ್ಟುತ್ತೆ. ಮರ ಅವತ್ತೇ ಒಣಗಲ್ಲ. ಗೃಹಪ್ರವೇಶ ಆಗಿ ಎರಡು ಮೂರು ವರ್ಷಕ್ಕೆ ತುದಿಯಿಂದ ಒಣಗ್ತಾ ಬರುತ್ತೆ. ಆಗ ಹುಳ ಬಿತ್ತು ಅಂತಾರೆ.

ಇದಕ್ಕೂ ಮದ್ದು ತಿಮ್ಮಕ್ಕನ ಬೇಲಿನೇ ಕಣ್ರೀ. ಪಾಯ ತೆಗೆಯೋಕೆ ಮುಂಚೆ, ಕೊಂಬೆ ನೆರಳು ಬೀಳೋವಷ್ಟು ಜಾಗಕ್ಕೆ ಸರ್ವೆ ಕಂಬ ನೆಟ್ಟು ಹಗ್ಗನೋ ಹಳೇ ತಗಡೋ ಕಟ್ಟಿಸಿ. ಅಷ್ಟು ಜಾಗ ಇಲ್ದಿದ್ರೆ ಆದಷ್ಟು ದೂರಕ್ಕೆ. ಜಲ್ಲಿ, ಇಟ್ಟಿಗೆ ಎಲ್ಲಿ ಇಳಿಸ್ಬೇಕು ಅಂತ ಮೇಸ್ತ್ರಿಗೆ ಮೊದಲೇ ತೋರಿಸಿ. ಬೇಸಿಗೇಲಿ ಗೋಡೆಗೆ ನೀರು ಹಾಕೋವಾಗ ಮರಕ್ಕೂ ನಾಲ್ಕು ಬಿಂದಿಗೆ ಹಾಕಿ.

ಗಂಡಸರು ಕೆಲಸಕ್ಕೆ ಹೋದ್ಮೇಲೆ ಕಟ್ಟಡದ ಹತ್ರ ನಿಂತ್ಕೊಂಡು ನೋಡ್ಕೊಳ್ಳೋರು ನಾವೇ. ಲೋಡ್ ಬಂದಾಗ "ಅಣ್ಣ, ಮರದ ಬುಡದಲ್ಲಿ ಬೇಡ, ಆಚೆ ಇಳಿಸಪ್ಪ" ಅಂತ ನಾವೇ ಹೇಳ್ಬೇಕು.