ಕಬ್ಬಿಣದ ಸಾಮಗ್ರಿಗಳಿಗೆ ತುಕ್ಕು ನಿರೋಧಕ ಲೇಪನದ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ವಿಲ್ಸನ್ ಗಾರ್ಡನ್ ಬಡಾವಣೆಯ ಮನೆಗಳ ತಾರಸಿಯ ಮೇಲೆ ನೀರಿನ ತೊಟ್ಟಿಗಳು ಸಾಮಾನ್ಯವಾಗಿ ಕಬ್ಬಿಣದ ಸ್ಟ್ಯಾಂಡ್‌ಗಳ ಮೇಲಿರುತ್ತವೆ. 1,000 ಲೀಟರ್ ತೊಟ್ಟಿ ತುಂಬಿದಾಗ ನೀರಿನ ಭಾರವೇ 1 ಟನ್ ಆಗಿರುತ್ತದೆ. ಈ ಭಾರ ಹೊತ್ತ ಕಾಲುಗಳು ತುಕ್ಕಿನಿಂದ ಸವೆದಲ್ಲಿ ಪ್ರಾಣಾಪಾಯ ಸಂಭವಿಸಬಹುದು. ಸಮೀಪದ ಲಾಲ್‌ಬಾಗ್‌ನಲ್ಲಿ 1889ರಲ್ಲಿ ಶಂಕುಸ್ಥಾಪನೆಯಾದ ಕಬ್ಬಿಣದ ಗಾಜಿನ ಮನೆಯು ಇಂದಿಗೂ ನಿಂತಿದೆ. ಸೂಕ್ತ ಆರೈಕೆಯಿದ್ದಲ್ಲಿ ಕಬ್ಬಿಣವು ದೀರ್ಘಕಾಲ ಬಾಳುತ್ತದೆ.

ತುಕ್ಕಿಗೆ ಕಾರಣ

ತೇವಾಂಶ ಮತ್ತು ಆಮ್ಲಜನಕಗಳ ಸಂಪರ್ಕದಿಂದ ಕಬ್ಬಿಣ ತುಕ್ಕು ಹಿಡಿಯುತ್ತದೆ. ಬೆಂಗಳೂರಿನಲ್ಲಿ ಕರಾವಳಿಯ ಉಪ್ಪುಗಾಳಿ ಇರುವುದಿಲ್ಲ. ಆದರೂ ನೀರು ನಿಲ್ಲುವ ಕಾಲಿನ ಬುಡ ಹಾಗೂ ಬೆಸುಗೆಯ ಸಂದುಗಳು ಮೊದಲು ಹಾಳಾಗುತ್ತವೆ.

ಲೇಪನಗಳ ವಿಧಗಳು

1. ರೆಡ್ ಆಕ್ಸೈಡ್ ಪ್ರೈಮರ್ ಮತ್ತು ಎನಾಮೆಲ್: ಕಿಟಕಿ ಸರಳು, ಗೇಟುಗಳಿಗೆ ಸೂಕ್ತ. ಪ್ರೈಮರ್ ಕೇವಲ ತಳಲೇಪನವಾಗಿದ್ದು, ಅದನ್ನು ಮಾತ್ರ ಬಳಿದು ಬಿಟ್ಟಲ್ಲಿ ನೀರು ಒಳಸೇರುತ್ತದೆ. ಅದರ ಮೇಲೆ ಎರಡು ಬಾರಿ ಎನಾಮೆಲ್ ಬಳಿಯತಕ್ಕದ್ದು.

2. ಎಪಾಕ್ಸಿ: ಸದಾ ಒದ್ದೆಯಾಗುವ ಸ್ಟ್ಯಾಂಡ್ ಕಾಲು, ಪಂಪಿನ ಪೀಠಗಳಿಗೆ ಸೂಕ್ತ. ಇದು ಬಿಸಿಲಿಗೆ ಪುಡಿಯಾಗುವುದರಿಂದ ಮೇಲೆ ಪಾಲಿಯುರಿಥೇನ್ ಲೇಪನ ಅಗತ್ಯ.

3. ಹಾಟ್ ಡಿಪ್ ಗ್ಯಾಲ್ವನೈಸಿಂಗ್: ಸುಮಾರು 450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕರಗಿದ ಸತುವಿನಲ್ಲಿ ಅದ್ದುವ ವಿಧಾನ. ಗೀರು ಬಿದ್ದರೂ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಹೊಸ ಸ್ಟ್ಯಾಂಡ್‌ಗಳಿಗೆ ಇದು ಉತ್ತಮ. ಬೆಸುಗೆ, ರಂಧ್ರ ಕೊರೆಯುವ ಕೆಲಸಗಳನ್ನು ಅದ್ದುವ ಮೊದಲೇ ಮುಗಿಸತಕ್ಕದ್ದು.

4. ಗ್ರೀಸ್ ಅಥವಾ ಎಣ್ಣೆ: ಬಣ್ಣ ಬಳಿಯಲಾಗದ ಯಂತ್ರದ ಚಲಿಸುವ ಭಾಗಗಳಿಗೆ ಮಾತ್ರ.

ಅನುಸರಿಸಬೇಕಾದ ಕ್ರಮ

ಅ) ಎಣ್ಣೆ, ಜಿಡ್ಡನ್ನು ಒರೆಸಿ, ಸಡಿಲ ತುಕ್ಕನ್ನು ತಂತಿ ಬ್ರಷ್ ಮತ್ತು ಮರಳು ಕಾಗದದಿಂದ ಪೂರ್ಣವಾಗಿ ತೆಗೆಯುವುದು. ತುಕ್ಕಿನ ಮೇಲೆ ಬಳಿದ ದುಬಾರಿ ಬಣ್ಣವೂ ಬೇಗನೆ ಸುಲಿಯುತ್ತದೆ.

ಆ) ಸ್ವಚ್ಛಗೊಳಿಸಿದ ದಿನವೇ ಪ್ರೈಮರ್ ಬಳಿಯುವುದು.

ಇ) ಮಳೆ ಅಥವಾ ಇಬ್ಬನಿ ಇರುವಾಗ ಬಣ್ಣ ಬಳಿಯಬಾರದು.

ಈ) ಡಬ್ಬಿಯ ಮೇಲೆ ಸೂಚಿಸಿದ ಒಣಗುವ ಅವಧಿಯನ್ನು ಪಾಲಿಸುವುದು.

ಎಚ್ಚರಿಕೆ

ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆಯಿದೆ. ಗೃಹಬಳಕೆಯ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸುವ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಆದ್ದರಿಂದ ಹಳೆಯ ಬಣ್ಣವನ್ನು ನೀರಿನಲ್ಲಿ ತೋಯಿಸಿಯೇ ಕೆರೆಯತಕ್ಕದ್ದು. ಮುಖಗವಸು ಧರಿಸಬೇಕು ಮತ್ತು ಮಕ್ಕಳನ್ನು ದೂರವಿಡಬೇಕು.

ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ತಾರಸಿಯ ಸಾಮಗ್ರಿಗಳನ್ನು ಪರಿಶೀಲಿಸುವುದು ಸೂಕ್ತ. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಪದರವಾಗಿ ಉದುರುವ ಕಾಲಿಗೆ ಯಾವ ಲೇಪನವೂ ಬಲ ನೀಡಲಾರದು. ಅಂತಹ ಸ್ಟ್ಯಾಂಡ್‌ನ ತೊಟ್ಟಿಯನ್ನು ತಕ್ಷಣ ಖಾಲಿ ಮಾಡಿ, ಸ್ಟ್ಯಾಂಡ್ ಬದಲಾಯಿಸತಕ್ಕದ್ದು.