ಉಡುಪಿ ಜಿಲ್ಲೆಯಲ್ಲಿ ಮೇಲ್ಛಾವಣಿ ಸೌರ ಫಲಕಗಳು: ಮಳೆ, ಬಿಸಿಲು, ಧೂಳು ಮತ್ತು ಉಪ್ಪುಗಾಳಿಯ ಪರಿಣಾಮ

ಮೇಲ್ಛಾವಣಿ ಸೌರ ವಿದ್ಯುತ್ ಘಟಕಕ್ಕೆ ಅರ್ಜಿ ಸಲ್ಲಿಸುವ ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳ ಭಾಗದ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗಿನ ಅಂಶಗಳನ್ನು ನೀಡಲಾಗಿದೆ.

ಸಹಾಯಧನ ಮತ್ತು ಉತ್ಪಾದನೆ
2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ ಮೊದಲ 2 ಕಿಲೋವಾಟ್‌ಗೆ ತಲಾ ರೂ. 30,000 ಹಾಗೂ ಮೂರನೆಯ ಕಿಲೋವಾಟ್‌ಗೆ ರೂ. 18,000, ಒಟ್ಟು ಗರಿಷ್ಠ ರೂ. 78,000 ಕೇಂದ್ರ ಸಹಾಯಧನವನ್ನು ನಿಗದಿಪಡಿಸಲಾಗಿದೆ. 3 ಕಿಲೋವಾಟ್ ಘಟಕದಿಂದ ತಿಂಗಳಿಗೆ ಸರಾಸರಿ 300 ಯೂನಿಟ್‌ಗೂ ಹೆಚ್ಚು ಉತ್ಪಾದನೆಯನ್ನು ಯೋಜನೆಯಲ್ಲಿ ಅಂದಾಜಿಸಲಾಗಿದೆ. ಸಹಾಯಧನವು ಘಟಕದ ಸಾಮರ್ಥ್ಯವನ್ನು ಅವಲಂಬಿಸಿದೆಯೇ ಹೊರತು ಉತ್ಪಾದನೆಯನ್ನಲ್ಲ. ಉತ್ಪಾದನೆ ಕುಂದಿದಲ್ಲಿ ನಷ್ಟವು ಗ್ರಾಹಕರದೇ ಆಗಿರುತ್ತದೆ.

ಮಳೆಗಾಲ
ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಈ ಅವಧಿಯಲ್ಲಿ ದಟ್ಟ ಮೋಡದಿಂದ ಉತ್ಪಾದನೆ ಗಣನೀಯವಾಗಿ ಇಳಿಯುವುದು ಸಹಜ. ಇದು ಫಲಕದ ದೋಷವಲ್ಲ. ಆದುದರಿಂದ ಘಟಕದ ಸಾಮರ್ಥ್ಯವನ್ನು ಒಂದು ತಿಂಗಳ ಬಿಲ್ಲಿನಿಂದಲ್ಲದೆ, 12 ತಿಂಗಳ ಬಿಲ್ಲುಗಳ ಸರಾಸರಿಯಿಂದ ನಿರ್ಧರಿಸುವುದು ಸೂಕ್ತ.

ಬೇಸಿಗೆಯ ತಾಪ
ಫಲಕಗಳ ಸಾಮರ್ಥ್ಯವನ್ನು 25 ಡಿಗ್ರಿ ಸೆಲ್ಸಿಯಸ್ ಕೋಶ ತಾಪಮಾನದಲ್ಲಿ ಅಳೆಯಲಾಗುತ್ತದೆ. ಅದಕ್ಕಿಂತ ಹೆಚ್ಚುವ ಪ್ರತಿ ಡಿಗ್ರಿಗೆ ಶೇಕಡಾ 0.3ರಿಂದ 0.4ರಷ್ಟು ಸಾಮರ್ಥ್ಯ ಕುಂದುತ್ತದೆ. ಫಲಕವು 60 ಡಿಗ್ರಿಗೆ ಕಾದಲ್ಲಿ ಕೊರತೆಯು ಶೇಕಡಾ 10ರಿಂದ 14ರಷ್ಟಾಗುತ್ತದೆ. ಛಾವಣಿ ಮತ್ತು ಫಲಕದ ನಡುವೆ ಗಾಳಿಯಾಡಲು ಅಂತರವಿರತಕ್ಕದ್ದು.

ಧೂಳು ಮತ್ತು ಉಪ್ಪುಗಾಳಿ
ನವೆಂಬರ್‌ನಿಂದ ಮೇವರೆಗೆ ಮಳೆ ವಿರಳವಾಗಿರುವುದರಿಂದ ಧೂಳು ಫಲಕದ ಮೇಲೆಯೇ ಉಳಿಯುತ್ತದೆ. ಕಾರ್ಕಳ ಭಾಗದಲ್ಲಿ ಕಲ್ಲುಕೋರೆಗಳ ಸಮೀಪ ಕಲ್ಲಿನ ಪುಡಿ, ಮಣಿಪಾಲದಲ್ಲಿ ಮುರಕಲ್ಲಿನ ಕೆಂಪು ಧೂಳು ಹಾಗೂ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ವಾಹನಗಳ ಹೊಗೆಯ ಮಸಿ ಕೂರುತ್ತವೆ. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು ಬಿಸಿಲನ್ನು ಚದುರಿಸಿ ಉತ್ಪಾದನೆಯನ್ನು ಮತ್ತಷ್ಟು ಕುಗ್ಗಿಸುತ್ತವೆ. ಕಾಪುವಿನಂತಹ ಕಡಲತೀರದಲ್ಲಿ ಉಪ್ಪಿನ ಪದರವು ಧೂಳನ್ನು ಹಿಡಿದಿಡುವುದಲ್ಲದೆ, ಆಧಾರ ಚೌಕಟ್ಟು ಮತ್ತು ಬೋಲ್ಟುಗಳಿಗೆ ತುಕ್ಕು ಹಿಡಿಸುತ್ತದೆ.

ನೆರಳು
ಕೋಶಗಳು ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಒಂದು ತೆಂಗಿನ ಗರಿಯ ನೆರಳು ಅಥವಾ ಕಾಗೆಯ ಹಿಕ್ಕೆಯೂ ಫಲಕದ ಒಂದು ಭಾಗದ ಉತ್ಪಾದನೆಯನ್ನು ತಡೆಯಬಲ್ಲದು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು
1. ಫಲಕಗಳನ್ನು ದಕ್ಷಿಣಾಭಿಮುಖವಾಗಿ, ಸುಮಾರು 13 ಡಿಗ್ರಿ ಇಳಿಜಾರಿನಲ್ಲಿ ಅಳವಡಿಸುವುದು. ಇದರಿಂದ ಮಳೆನೀರು ಧೂಳನ್ನು ತೊಳೆದು ಹರಿಯುತ್ತದೆ.
2. ಕಡಲತೀರದವರು ಐಇಸಿ 61701 ಉಪ್ಪುಗಾಳಿ ಪರೀಕ್ಷೆಯಲ್ಲಿ ಉತ್ತೀರ್ಣವಾದ ಫಲಕ ಹಾಗೂ ಸತು ಲೇಪಿತ ಚೌಕಟ್ಟನ್ನು ಕೇಳಿ ಪಡೆಯುವುದು.
3. ಒಣಹವೆಯ ತಿಂಗಳುಗಳಲ್ಲಿ ಮುಂಜಾನೆ ಅಥವಾ ಸಂಜೆ, ಸಿಹಿನೀರು ಮತ್ತು ಮೃದು ಬಟ್ಟೆಯಿಂದ ಸ್ವಚ್ಛಗೊಳಿಸುವುದು. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು. ಉಪ್ಪುನೀರಿನ ಬಾವಿಯ ನೀರನ್ನು ಬಳಸಬಾರದು.
4. ಕರಾರಿಗೆ ಸಹಿ ಮಾಡುವ ಮುನ್ನ ಫಲಕ ತೊಳೆಯುವ ಹೊಣೆ ಯಾರದೆಂಬುದನ್ನು ಓದಿ ಖಚಿತಪಡಿಸಿಕೊಳ್ಳುವುದು.