ರಾಯಚೂರಿನ ಕೂಸುಗಳು ಮತ್ತು ಮೊದಲ ಮೂರು ವರ್ಷ

ನೆಲೆ

ರಾಯಚೂರು ನಗರ, ಮಾನ್ವಿ, ದೇವದುರ್ಗ ಮೂರೂ ಒಂದೇ ಜಿಲ್ಲೆಗೆ ಸೇರಿದ್ದರೂ ಎಳೆಯ ಮಕ್ಕಳ ಬದುಕು ಮೂರು ಕಡೆ ಮೂರು ಬಗೆ. ನಗರದ ಓಣಿಗಳಲ್ಲಿ ಮಗುವಿನ ಕಿವಿಗೆ ಕನ್ನಡದ ಜೊತೆಗೆ ತೆಲುಗು, ಉರ್ದು ಬೀಳುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಸೀಮೆಯಲ್ಲಿ ನಾಟಿ ಶುರುವಾದರೆ ತಾಯಂದಿರಿಗೆ ಬೆಳಗಿನಿಂದ ಸಂಜೆವರೆಗೂ ಭತ್ತದ ಗದ್ದೆ. ದೇವದುರ್ಗದ ಹಳ್ಳಿ, ತಾಂಡಾಗಳಿಂದ ಗುಳೆ ಹೋಗುವವರು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬೆಂಗಳೂರು, ಪುಣೆ, ಹೈದರಾಬಾದಿನ ಹಾದಿ ಹಿಡಿಯುತ್ತಾರೆ, ಇಲ್ಲವೇ ಅಜ್ಜಿಯ ಬಳಿ ಬಿಟ್ಟುಹೋಗುತ್ತಾರೆ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇ 59.56. ಕೇಂದ್ರ ಸರ್ಕಾರ 2018ರಲ್ಲಿ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇರುವವು ಎರಡೇ: ರಾಯಚೂರು, ಯಾದಗಿರಿ. ಜಿಲ್ಲೆಯ ಅಪೌಷ್ಟಿಕ ಮಕ್ಕಳ ಸಾವಿನ ಸುದ್ದಿ 2011ರ ಸುಮಾರಿಗೆ ನಾಡನ್ನೇ ಕಲಕಿತ್ತು. ವಿಷಯ ಹೈಕೋರ್ಟ್ ಮೆಟ್ಟಿಲೇರಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಹಾಲು, ಮೊಟ್ಟೆ, ತಾಯಂದಿರ ಬಿಸಿಯೂಟದ ಮಾತು ಗಟ್ಟಿಯಾಗಿ ಕೇಳಿಬಂದದ್ದು ಆ ವರ್ಷಗಳಲ್ಲೇ. ಅಂಗನವಾಡಿ ಮಕ್ಕಳಿಗೂ ಹಾಲು ಕೊಡುವ ಕ್ಷೀರಭಾಗ್ಯ 2013ರಲ್ಲಿ, ಗರ್ಭಿಣಿ ಬಾಣಂತಿಯರ ಮಾತೃಪೂರ್ಣ 2017ರಲ್ಲಿ ಬಂದವು. ಹೊಟ್ಟೆಯ ಹಸಿವಿಗೆ ದಾರಿ ಕಂಡಿತು. ಮಗುವಿನ ಮಿದುಳಿಗೆ ಬೇಕಾದ ಆಟ ಮಾತುಗಳಿಗೆ ಅಷ್ಟು ಗಮನ ಇನ್ನೂ ಸಿಕ್ಕಿಲ್ಲ.

ಜಮೈಕಾದ ಪ್ರಯೋಗ

ಈ ಜಿಲ್ಲೆಗೆ ತೀರ ಹತ್ತಿರವಾದ ವಿದೇಶಿ ಸಂಶೋಧನೆ ಯಾವುದೆಂದರೆ ನಾನು ಜಮೈಕಾದ ಹೆಸರು ಹೇಳುತ್ತೇನೆ. 1986–87ರಲ್ಲಿ ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಮಕ್ಕಳನ್ನು ಆರಿಸಿಕೊಂಡರು. ಎಲ್ಲರೂ 9ರಿಂದ 24 ತಿಂಗಳವರು. ಕೆಲವರಿಗೆ ಪೌಷ್ಟಿಕ ಆಹಾರ ಮಾತ್ರ, ಕೆಲವರಿಗೆ ಆಟ ಮಾತು ಮಾತ್ರ, ಕೆಲವರಿಗೆ ಎರಡೂ. ನಾಲ್ಕನೆಯ ಗುಂಪಿಗೆ ಇವೆರಡೂ ಇಲ್ಲ.

ಆಟ ಮಾತಿನ ಪಾಠ ಬಹಳ ಸರಳ. ಸ್ಥಳೀಯ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಮನೆಗೆ ಬಂದು ಒಂದು ಗಂಟೆ ಕೂರುತ್ತಿದ್ದಳು. ಮನೆಯಲ್ಲೇ ಸಿಗುವ ವಸ್ತುಗಳಿಂದ ಆಟಿಕೆ ಮಾಡಿ, ಮಗುವಿನೊಡನೆ ಹೇಗೆ ಆಡಬೇಕು, ಹೇಗೆ ಮಾತಾಡಿಸಬೇಕು ಎಂದು ತಾಯಿಗೆ ತೋರಿಸಿಕೊಡುತ್ತಿದ್ದಳು. ಇದು ನಡೆದದ್ದು ಎರಡು ವರ್ಷ. ಆ ಮಕ್ಕಳು 22 ವರ್ಷದವರಾದಾಗ ಲೆಕ್ಕ ಹಾಕಿದರೆ, ಆಟ ಮಾತು ಸಿಕ್ಕವರ ಗಳಿಕೆ ಸಿಗದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. ಕುಂಠಿತರಾಗದೆ ಬೆಳೆದ ನೆರೆಹೊರೆಯ ಮಕ್ಕಳನ್ನು ಅವರು ಗಳಿಕೆಯಲ್ಲಿ ಸರಿಗಟ್ಟಿದ್ದರು. ಆಹಾರ ಮಾತ್ರ ಪಡೆದವರಲ್ಲಿ ಅಂಥ ದೀರ್ಘಕಾಲದ ಲಾಭ ಕಾಣಲಿಲ್ಲ.

ಹಾಗೆಂದು ಆಹಾರ ಮುಖ್ಯವಲ್ಲ ಎನ್ನುವಂತಿಲ್ಲ. ಗ್ವಾಟೆಮಾಲಾದಲ್ಲಿ 1969ರಿಂದ 1977ರವರೆಗೆ ನಡೆದ ಪ್ರಯೋಗದಲ್ಲಿ ಮೂರು ವರ್ಷ ತುಂಬುವ ಮೊದಲೇ ಪ್ರೋಟೀನ್‌ಯುಕ್ತ ಗಂಜಿ ಕುಡಿದ ಗಂಡುಮಕ್ಕಳು ದೊಡ್ಡವರಾದ ಮೇಲೆ ಹೆಚ್ಚು ಕೂಲಿ ಗಳಿಸಿದರು. ಎರಡೂ ಕಡೆಯ ಪಾಠದಲ್ಲಿ ಸಮಾನವಾಗಿರುವುದು ವಯಸ್ಸು.

ಒಡಿಶಾ, ತಮಿಳುನಾಡು

ಜಮೈಕಾದ ಮಾದರಿ ಒಡಿಶಾದ 192 ಹಳ್ಳಿಗಳಲ್ಲಿ ಪರೀಕ್ಷೆಗೊಳಗಾಯಿತು. ಮನೆಮನೆ ಭೇಟಿಯಷ್ಟೇ ಫಲ ತಾಯಂದಿರನ್ನು ಒಂದೆಡೆ ಕೂರಿಸಿ ಕಲಿಸಿದಾಗಲೂ ಬಂತು. ಗುಂಪಿನ ಪಾಠಕ್ಕೆ ಖರ್ಚು ಕಡಿಮೆ. ಕೂಲಿಗೆ ಹೋಗುವ ಹೆಂಗಸರು ಸಂಜೆ ಒಂದು ಕಟ್ಟೆಯ ಮೇಲೆ ಸೇರುವ ನಮ್ಮ ಹಳ್ಳಿಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ತಮಿಳುನಾಡಿನ 320 ಅಂಗನವಾಡಿಗಳ ಅಧ್ಯಯನ ಇನ್ನೂ ನೇರ. ಕಲಿಕೆಗೆಂದೇ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟರು. ಮಕ್ಕಳ ಕಲಿಕೆಯ ಸಮಯ ಇಮ್ಮಡಿಯಾಯಿತು, ಭಾಷೆ ಮತ್ತು ಲೆಕ್ಕ ಎರಡರಲ್ಲೂ ಅವರು ಮುಂದೆ ಬಂದರು. ಹಳೆಯ ಕಾರ್ಯಕರ್ತೆಗೆ ಆರೋಗ್ಯದ ಕೆಲಸಕ್ಕೆ ಬಿಡುವು ದೊರೆತು, ತೀವ್ರ ಅಪೌಷ್ಟಿಕತೆಯೂ ತಗ್ಗಿತು. ತೂಕ, ರಿಜಿಸ್ಟರ್, ಪೋಷಣ್ ಟ್ರ್ಯಾಕರ್, ಮತದಾರರ ಪಟ್ಟಿ, ಸಮೀಕ್ಷೆ ಎಲ್ಲವನ್ನೂ ಒಬ್ಬಳೇ ಹೊತ್ತಿರುವ ನಮ್ಮ ಅಂಗನವಾಡಿ ಟೀಚರಮ್ಮನನ್ನು ಕಂಡವರಿಗೆ ಈ ಫಲಿತಾಂಶ ಅಚ್ಚರಿ ತರಲಾರದು.

ಪಕ್ಕದ ಯಾದಗಿರಿಯ ಅಧ್ಯಯನ

ಶೈಲಜಾ ಮೆನನ್ ಮತ್ತು ಸಂಗಡಿಗರು ಯಾದಗಿರಿ ಹಾಗೂ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳ ಓದು ಬರಹವನ್ನು ಮೂರು ವರ್ಷ ಹಿಂಬಾಲಿಸಿ ನೋಡಿ, 2017ರಲ್ಲಿ ವರದಿ ಕೊಟ್ಟರು. ಮೂರನೇ ತರಗತಿ ಮುಗಿದರೂ ಬಹಳ ಮಕ್ಕಳಿಗೆ ಸರಳ ಓದೂ ಒಲಿದಿರಲಿಲ್ಲ. ತರಗತಿಯ ಹೊತ್ತೆಲ್ಲ ಅಕ್ಷರ ತಿದ್ದುವುದರಲ್ಲಿ, ಬೋರ್ಡ್ ನೋಡಿ ನಕಲು ಮಾಡುವುದರಲ್ಲಿ ಕಳೆಯುತ್ತಿತ್ತು. ಓದಿದ್ದರ ಬಗ್ಗೆ ಮಾತೇ ಕಡಿಮೆ. ಇದನ್ನು ಅಂಗನವಾಡಿಗೂ ಅನ್ವಯಿಸಿ ನೋಡಬೇಕು: ನಾಲ್ಕು ವರ್ಷದ ಮಗುವಿಗೆ ಬಳಪ ಕೊಟ್ಟು ‘ಅ’ ತಿದ್ದಿಸುವುದಕ್ಕಿಂತ ಕಥೆ, ಒಗಟು, ಹಾಡು ಮುಖ್ಯ. ಲಂಬಾಣಿ ಅಥವಾ ತೆಲುಗು ಮನೆಮಾತಿನ ಮಗುವಿಗೆ ಕನ್ನಡದ ಮಾತು ಕಿವಿಗೆ ಒಗ್ಗುವವರೆಗೆ ಬರಹಕ್ಕೆ ಅವಸರ ಬೇಡ. ರಾಜ್ಯದ ‘ಚಿಲಿಪಿಲಿ’ ಪಠ್ಯಕ್ರಮ ಆಟದ ಕಲಿಕೆಯನ್ನೇ ಹೇಳುತ್ತದೆ. ಅದಕ್ಕೆ ಬೇಕಾದ ಕೈಗಳಿಲ್ಲ, ಹೊತ್ತಿಲ್ಲ.

ಎಲ್‌ಕೆಜಿಯ ಬೇಡಿಕೆ

ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2024ರಲ್ಲಿ ಎಲ್‌ಕೆಜಿ, ಯುಕೆಜಿ ಆರಂಭಿಸುವ ನಿರ್ಧಾರವಾದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅಂಗನವಾಡಿಗಳಲ್ಲೇ ಆ ತರಗತಿ ನಡೆಯಲಿ ಎಂಬುದು ಅವರ ಆಗ್ರಹ. ಇಂಗ್ಲಿಷ್ ಶಾಲೆಗೆ ಸಾಲ ಮಾಡಿ ಹಣ ಕಟ್ಟುವ ಪಾಲಕರ ಆಸೆಯನ್ನು ತಪ್ಪೆನ್ನಲಾಗದು. ಆದರೆ ಎಲ್‌ಕೆಜಿ ಬಾಗಿಲು ತೆರೆಯುವುದು ನಾಲ್ಕನೇ ವರ್ಷಕ್ಕೆ. ಜಮೈಕಾ, ಗ್ವಾಟೆಮಾಲಾ, ಒಡಿಶಾ ಮೂರೂ ಬೊಟ್ಟು ಮಾಡುವುದು ಅದಕ್ಕಿಂತ ಮುಂಚಿನ ವಯಸ್ಸಿಗೆ.

ಆ ವಯಸ್ಸಿನ ಕೂಸಿಗಾಗಿ ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಅದು ನೆರಳು. ಮಲಗಿಸಿ ಉಣಿಸಿದರಷ್ಟೇ ಸಾಲದು, ಅಲ್ಲಿ ದಿನವೂ ಒಂದು ಗಂಟೆ ಆಟ ಮಾತು ನಡೆಯಬೇಕು.

ಮಾನ್ವಿ, ದೇವದುರ್ಗದ ಓದುಗರು ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಎತ್ತಲಿ: ನಮ್ಮ ಪಂಚಾಯಿತಿಯ ಕೂಸಿನ ಮನೆ ಎಲ್ಲಿದೆ? ಅಂಗನವಾಡಿಗೆ ಕಲಿಕೆಗೆಂದೇ ಇನ್ನೊಬ್ಬರು ಯಾವಾಗ ಬರುತ್ತಾರೆ? ಗುಳೆ ಹೋದ ಮನೆಯ ಕೂಸಿನ ಲೆಕ್ಕ ಯಾರ ಬಳಿ ಇದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಸಭೆಯಿಂದ ಏಳಿ.